ಆಂಟಿಯ ಮುತ್ತಜ್ಜಿಯ ಹೆಸರು

ಪುಚೊಂಗ್‌ನಲ್ಲಿ ನಾವಿರುವ ಕಾಂಡೊ ಕಟ್ಟಡದ ಮೇಲಿನ ಮಹಡಿಯಲ್ಲಿ ಐರ್ಲೆಂಡಿನ ಹೆಂಗಸೊಬ್ಬರಿದ್ದಾರೆ. ನಮ್ಮಂತೆ ಅವರೂ ಈ ದೇಶದವರಲ್ಲ, ಇಲ್ಲಿಯ ತಮಿಳು ಡಾಕ್ಟರರನ್ನು ಮದುವೆಯಾಗಿ ಬಂದವರು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಸುತ್ತಲಿನವರಿಗೆಲ್ಲ ಅವರು ಆಂಟಿ. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ತಮ್ಮ ಹುಟ್ಟೂರಿನ ಚರಿತ್ರೆ ಬರೆಯಲು ಕೂತರು. ಒಂದು ಚರ್ಚು, ಅದಕ್ಕೆ ಸೇರಿದ ಹಳ್ಳಿಗಳು, ನಡುವೆ ಸಂತೆ ಸೇರುವ ಪೇಟೆ, ಇಷ್ಟೇ ಅವರ ಪ್ರಪಂಚ.

ನಾನು ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿದ್ದೇನೆ. ಮಸಿ ಹರಡಿದ ಕಾಗದಗಳಲ್ಲಿ ತಪ್ಪಾಗಿ ಬಿದ್ದ ಹೆಸರು ಹಿಡಿಯುವುದು ನನ್ನ ಕೆಲಸ. ಇದು ತಿಳಿದ ಆಂಟಿ, ಮಕ್ಕಳ ದೀಕ್ಷಾಸ್ನಾನವನ್ನು ಬರೆದಿಡುವ ಚರ್ಚಿನ ಹಳೆಯ ಪುಸ್ತಕಗಳನ್ನು ಓದಿಕೊಡಲು ಕೇಳಿದರು. ಶನಿವಾರ ಮಧ್ಯಾಹ್ನ ಹೋಗಿ ಅವರ ಕಂಪ್ಯೂಟರಿನಲ್ಲಿ ಆ ಪುಟಗಳ ಚಿತ್ರ ನೋಡುತ್ತಿದ್ದೆ. ಮಗುವಿನ ಹೆಸರು, ತಾಯಿಯ ತವರಿನ ಹೆಸರು, ಹಳ್ಳಿ, ಎಲ್ಲವೂ ಇತ್ತು. ಬೆಣ್ಣೆ ಮಾರುತ್ತಿದ್ದವಳು, ಹಂದಿ ಸಾಕಿದವನು, ಯಾರೂ ಬಿಟ್ಟುಹೋಗಿರಲಿಲ್ಲ. ಓದುತ್ತ ಓದುತ್ತ ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು. ನನ್ನದೂ ಸಂತೆಯ ಊರೇ. ಬರೆದಿಟ್ಟವರು ಮಾತ್ರ ಯಾರೂ ಇಲ್ಲ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಮಗಳ ವಿಷಯ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಹನ್ನೊಂದು ವರ್ಷದ ಹುಡುಗಿ, ಆಂಟಿಯ ಜೊತೆ ಕೂತು ಆ ಪೇಟೆಯ ನಕ್ಷೆ ಬರೆಯತೊಡಗಿದಳು. ಸೇತುವೆ, ಗಡಿಯಾರವಿರುವ ಮಾರುಕಟ್ಟೆ ಕಟ್ಟಡ, ಕಮ್ಮಾರನ ಓಣಿ ಅವಳಿಗೆ ಬಾಯಿಪಾಠ. ನಮ್ಮ ಊರಿನ ಒಂದು ಬೀದಿಯೂ ಅವಳಿಗೆ ತಿಳಿಯದು.

ಆಂಟಿಗೆ ಸಿಗದೇ ಇದ್ದುದು ಒಂದೇ, ಅವರ ಮುತ್ತಜ್ಜಿಯ ದಾಖಲೆ. ಎರಡು ವರ್ಷದಿಂದ ಹುಡುಕುತ್ತಿದ್ದರು. ಒಂದು ಶನಿವಾರ ಅವರು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಾಗ ಅದು ನನ್ನ ಕಣ್ಣಿಗೆ ಬಿತ್ತು. ಅವಳು ಹುಟ್ಟಿದ ವರ್ಷ ಪಾದ್ರಿ ಅವಳ ಹೆಸರು ಬರೆಯಲು ಮರೆತಿರಬೇಕು. ನಾಲ್ಕು ವರ್ಷದ ನಂತರ ಅವಳ ತಮ್ಮನ ಹೆಸರು ಬರೆಯುವಾಗ ಪಕ್ಕದ ಅಂಚಿನಲ್ಲಿ ಅಕ್ಕನದನ್ನೂ ಇರುವೆ ಸಾಲಿನಂತೆ ತುರುಕಿದ್ದರು. ತಂದೆ ತಾಯಿ, ಹಳ್ಳಿ, ಎಲ್ಲವೂ ಹೊಂದುತ್ತಿತ್ತು. ಆಂಟಿ ಬಟ್ಟಲು ಹಿಡಿದು ಬಂದರು.

"ಏನಾದರೂ ಸಿಕ್ಕಿತಾ?"

"ಇಲ್ಲ ಆಂಟಿ," ಎಂದು ಪುಟ ತಿರುಗಿಸಿದೆ.

ಆ ವಾರ ಊರಿಗೆ ಫೋನ್ ಮಾಡಿ ಸೋದರತ್ತೆಯನ್ನು ಕೇಳಿದೆ. "ಅತ್ತೆ, ನಿಮ್ಮ ಅಜ್ಜಿ ಹೆಸರೇನು?"

"ಯಾರಿಗ್ ಗೊತ್ತವ್ವ. ಸಂತೇಲಿ ಮೆಣಸಿನಕಾಯಿ ಮಾರ್ತಿದ್ಲು. ಎಲ್ರೂ ಮೆಣಸಿನಕಾಯಜ್ಜಿ ಅಂತಿದ್ರು. ಈಗ್ಯಾಕೆ ಅದೆಲ್ಲ?"

ಫೋನಿಟ್ಟ ಮೇಲೆ ನನ್ನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ಅವರಿಗೆ ಅಷ್ಟೆಲ್ಲ ಇದೆ, ಇದೊಂದು ಇಲ್ಲದಿದ್ದರೆ ಏನು ಹೋಗುತ್ತದೆ? ಮೂರು ಶನಿವಾರ ಅವರೆದುರು ಕೂತು, ಅವರು ಕೊಟ್ಟ ಬಿಸ್ಕತ್ತು ತಿಂದು, ಬಾಯಿ ಬಿಡದೆ ಬಂದೆ.

ನಾಲ್ಕನೆಯ ಶನಿವಾರ ಆಂಟಿ ಒಂದು ಹಾಳೆ ಕೊಟ್ಟರು. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. "ಇದೊಂದು ಗಟ್ಟಿಯಾಗಿ ಓದು. ನನ್ನ ಕೈಲಿ ಓದಕ್ಕಾಗ್ತಿಲ್ಲ," ಎಂದರು. ಮುತ್ತಜ್ಜಿ ಹುಟ್ಟಿದ್ದಕ್ಕೆ ಎಲ್ಲಿಯೂ ಸಾಕ್ಷಿ ಇಲ್ಲವೆಂದೂ, ಹುಡುಕುವುದರಲ್ಲಿ ತಾನೇ ಸೋತೆನೆಂದೂ ಅದರಲ್ಲಿ ಬರೆದಿದ್ದರು. ಎರಡು ಸಾಲು ಓದಿದೆ. ಮೂರನೆಯದನ್ನು ಓದಲಿಲ್ಲ. ಹಾಳೆ ಕೆಳಗಿಟ್ಟು ಕಂಪ್ಯೂಟರಿನಲ್ಲಿ ಆ ಪುಟ ತೆಗೆದು, ಅಂಚನ್ನು ದೊಡ್ಡದು ಮಾಡಿ ತೋರಿಸಿದೆ.

ಆಂಟಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ, "ಯಾವಾಗ ಸಿಕ್ಕಿತು?" ಎಂದರು.

"ನಾಲ್ಕು ವಾರವಾಯಿತು."

"ಮತ್ತೆ ಯಾಕೆ ಹೇಳಲಿಲ್ಲ?"

"ನಿಮಗೂ ಒಂದು ಇಲ್ಲದೇ ಇರಲಿ ಅನ್ನಿಸಿತು."

ಅವರು ಬೈಯಲಿಲ್ಲ. "ಇವತ್ತು ಮನೆಗೆ ಹೋಗು," ಎಂದಷ್ಟೇ ಹೇಳಿದರು. ಆಮೇಲೆ ಎರಡು ತಿಂಗಳು, ಲಿಫ್ಟಿನಲ್ಲಿ ಎದುರಾದರೂ ತಲೆಯಷ್ಟೇ ಆಡಿಸುತ್ತಿದ್ದರು. ಮಗಳು ಮಾತ್ರ ಎಂದಿನಂತೆ ಮೇಲೆ ಹೋಗುತ್ತಿದ್ದಳು. ಆಂಟಿ ಅವಳಿಗೆ ಏನನ್ನೂ ಹೇಳಿರಲಿಲ್ಲ.

ಪುಸ್ತಕ ಅಚ್ಚಾಗಿ ಬಂದ ದಿನ ಅವರೇ ಬಾಗಿಲು ತಟ್ಟಿದರು. ಒಂದು ಪ್ರತಿ ಕೈಗಿಟ್ಟರು. ಮುತ್ತಜ್ಜಿಗೆ ಅರ್ಧ ಪುಟ ಸಿಕ್ಕಿತ್ತು. ಅದರ ಕೆಳಗೆ, ದಾಖಲೆಯನ್ನು ಹುಡುಕಿದ್ದು ಕೆಳಗಿನ ಮನೆಯ ಗೆಳತಿ ಎಂದಿತ್ತು.

"ಇದನ್ನ ಹಾಕಬಾರದಿತ್ತು, ಆಂಟಿ."

"ಹುಡುಕಿದ್ದು ನೀನೇ ಅಲ್ಲವಾ? ಅಷ್ಟನ್ನೇ ಬರೆದೆ. ಉಳಿದದ್ದು ನಾನಿನ್ನೂ ಮರೆತಿಲ್ಲ," ಎಂದರು. ಒಳಗೆ ಬನ್ನಿ ಎಂದೆ. ಚಪ್ಪಲಿ ಕಳಚಿ ಬಂದು ಕೂತರು. ಕಾಫಿ ಕಾಯಿಸುವಾಗ, ಮಗಳು ಆ ಪುಸ್ತಕದಲ್ಲಿ ತನ್ನ ನಕ್ಷೆಯ ಪುಟ ಹುಡುಕಿ ಅವರಿಗೆ ತೋರಿಸುವುದು ಕಾಣುತ್ತಿತ್ತು. ನನ್ನ ಹೊಟ್ಟೆ ಆಗಲೂ ಉರಿಯಿತು.