ಎಣ್ಣೆಯ ಪಟ್ಟಿಯಿಂದ ತೆಗೆದ ಹೆಸರು

1943ರಲ್ಲಿ ನಾನು ಕುಷ್ಟಗಿ ಕಡೆಯ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ನಿಜಾಮರ ಆಡಳಿತ, ರಿಜಿಸ್ಟರೆಲ್ಲ ಉರ್ದುವಿನಲ್ಲಿ. ಇದ್ದವರು ಡಾಕ್ಟರ್ ಸಾಹೇಬರು, ನಾನು, ಗಾಯ ತೊಳೆದು ಪಟ್ಟಿ ಕಟ್ಟುವ ಒಬ್ಬ ಆಳು. ಆ ವರ್ಷದ ನವೆಂಬರ್ ತಿಂಗಳ ಮೊದಲ ಸೋಮವಾರ ನಮ್ಮ ಮನೆತನದ ಕೊನೆಯ ಸಾಮಾನ್ಯ ದಿನ. ಹಾಗೆಂದು ಆ ದಿನ ನನಗೆ ಗೊತ್ತಿರಲಿಲ್ಲ.

ತಿಂಗಳ ಮೊದಲ ಸೋಮವಾರ ಕ್ಷಯ ರೋಗಿಗಳ ತೂಕ ನೋಡುವ ದಿನ. ಆಗ ಕ್ಷಯಕ್ಕೆ ಔಷಧ ಇರಲಿಲ್ಲ. ವಿಶ್ರಾಂತಿ, ಗಾಳಿ, ಹಾಲು, ತತ್ತಿ, ಮತ್ತು ಮೀನಿನೆಣ್ಣೆ, ಇಷ್ಟೇ ಚಿಕಿತ್ಸೆ. ಯುದ್ಧ ನಡೆದಿದ್ದರಿಂದ ಎಣ್ಣೆಯ ಸೀಸೆಗಳು ಬರುವುದು ಕಡಿಮೆಯಾಗಿ ಆರು ಜನರಿಗೆ ಸಾಲುವಷ್ಟು ಮಾತ್ರ ಇತ್ತು. ಅದಕ್ಕೆ ಸಾಹೇಬರು ಒಂದು ಪದ್ಧತಿ ಮಾಡಿದ್ದರು. ಮೂರು ತಿಂಗಳು ಸತತ ತೂಕ ಏರಿದವರ ಹೆಸರು ಪಟ್ಟಿಯಿಂದ ತೆಗೆದು, ತೂಕ ಇಳಿಯುತ್ತಿರುವ ಬೇರೊಬ್ಬರಿಗೆ ಎಣ್ಣೆ ಕೊಡಬೇಕು. ಕ್ಷಯದಲ್ಲಿ ತೂಕ ಇಳಿಯುವುದು ಸಾವಿನ ಕಡೆಗೆ, ಏರುವುದು ಬದುಕಿನ ಕಡೆಗೆ ಎಂದು ನನಗೆ ಕಲಿಸಿದವರೂ ಅವರೇ.

ಪಟ್ಟಿಯ ಆರು ಜನರಲ್ಲಿ ನನ್ನ ತಂಗಿ ನೀಲವ್ವ ಒಬ್ಬಳು. ವಯಸ್ಸು ಹತ್ತೊಂಬತ್ತು. ತಾವರಗೇರಾಕ್ಕೆ ಕೊಟ್ಟಿದ್ದೆವು, ಗಂಡ ಬಸಪ್ಪ ಅಲ್ಲಿಯ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಜೂನ್ ತಿಂಗಳಲ್ಲಿ ಅವಳಿಗೆ ಸಂಜೆ ಜ್ವರ ಬರತೊಡಗಿ, ಕಫದಲ್ಲಿ ರಕ್ತ ಕಂಡಿತ್ತು. ಸಾಹೇಬರು ಎದೆಗೆ ನಳಿಗೆ ಇಟ್ಟು ನೋಡಿ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಒಳಗೆ ಬಂದಾಗ ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

"ಯಣ್ಣಾ, ಮನ್ಯಾಗ ರೋಗದ ಹೆಸರು ಹೇಳಬ್ಯಾಡ," ಅಂದಳು. "ಹೇಳಿದ್ರ ನನ್ನ ತಾಟು ಬ್ಯಾರೆ ಇಡ್ತಾರ. ಆಮ್ಯಾಲ ನನ್ನ ಹಾಸಿಗಿ. ಆಮ್ಯಾಲ ನನ್ನನ್ನ."

ನಾನು ಹೇಳಲಿಲ್ಲ. ಬಸಪ್ಪನಿಗೆ 'ರಕ್ತ ಕಡಿಮೆ, ಎಣ್ಣೆ ಅದಕ್ಕೇ' ಎಂದೆ. ಬೇವೂರಿನಲ್ಲಿದ್ದ ಅವ್ವನಿಗೂ ಅದನ್ನೇ ಹೇಳಿದೆ. ನಮ್ಮ ಕಡೆ ಆಗ ಎಲ್ಲರೂ ಹೀಗೆಯೇ ಮಾಡುತ್ತಿದ್ದರು. ದವಾಖಾನೆಗೆ ಬಂದ ಎಷ್ಟೋ ಮನೆಯವರಿಗೆ 'ಮುಚ್ಚಿಡಬೇಡಿ' ಎಂದು ಬುದ್ಧಿ ಹೇಳಿದ ನಾನೇ ಮುಚ್ಚಿಟ್ಟೆ.

ಆ ಸೋಮವಾರ ಸಾಹೇಬರು ಇರಲಿಲ್ಲ. ಕಾಲರಾ ಸೂಜಿ ಹಾಕಲು ಗಂಗಾವತಿ ಕಡೆಗೆ ಹೋಗಿ ಮೂರು ವಾರವಾಗಿತ್ತು. ನೀಲವ್ವನಿಗೆ ಬಸುರಿನ ಐದನೇ ತಿಂಗಳು. ಹಸಿರು ಸೀರೆ ಉಟ್ಟು ಬಂದಿದ್ದಳು. ಜ್ವರ ನಿಂತಿತ್ತು, ಕೆಮ್ಮು ಕಡಿಮೆಯಾಗಿತ್ತು. ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಆಗಸ್ಟ್‌ನಲ್ಲಿ ಎಂಬತ್ತು ಪೌಂಡ್ ಇದ್ದವಳು ಸೆಪ್ಟೆಂಬರ್‌ನಲ್ಲಿ ಎಂಬತ್ತೆರಡು, ಅಕ್ಟೋಬರ್‌ನಲ್ಲಿ ಎಂಬತ್ತೈದು ತೂಗಿದ್ದಳು. ಆ ದಿನ ಎಂಬತ್ತೊಂಬತ್ತು.

ಬಸಪ್ಪ ಬಾಗಿಲಲ್ಲಿ ನಿಂತು ನಕ್ಕ. "ಕಂಪೌಂಡರ್ರ, ನಿಮ್ಮ ಎಣ್ಣಿ ಭಾಳ ಛಲೋ ಐತ್ರಿ. ಇನ್ನೊಂದೆರಡು ತಿಂಗಳಾದ್ರ ಬಂಡಿಗೆ ಮೂರನೇ ಎತ್ತು ಕಟ್ಟಬೇಕಾಗ್ತದ."

"ನಿನ್ನ ಹೊಟ್ಟಿ ಇಳಿಸಿದ್ರ ಎರಡ ಸಾಕು," ಅಂದಳು ನೀಲವ್ವ. ಬಾಕಿನ ಮೇಲೆ ಕೂತಿದ್ದ ರೋಗಿಗಳೂ ನಕ್ಕರು.

ಅವರಲ್ಲಿ ಹುಸೇನಿ ಎಂಬ ಹಮಾಲನೊಬ್ಬ ಮಾತ್ರ ನಗಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು, ಕ್ಷಯ ಹಿಡಿದು ಊರಿಗೆ ಬಂದಿದ್ದ. ನಾಲ್ಕು ತಿಂಗಳಿಂದ ಅವನ ತೂಕ ಇಳಿಯುತ್ತಲೇ ಇತ್ತು. ಅವನ ಜತೆ ಬಂದಿದ್ದ ಅವನ ತಾಯಿ, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಅಂದಳು: "ಕಂಪೌಂಡರನ ತಂಗಿ ಆಗಿ ಹುಟ್ಟಬೇಕಿತ್ತು ನೋಡು ನನ್ನ ಮಗ."

ಆ ಮಾತು ನನಗೆ ನಾಟಿತು. ನನ್ನ ಕೈಯಲ್ಲಿ ಮೂರು ತಿಂಗಳ ತೂಕ ಇತ್ತು, ಪದ್ಧತಿ ಇತ್ತು. ಬಸುರಾದ ಮೇಲೆ ಮೈ ತುಂಬಿ ರೋಗವೂ ಹಿಂದೆ ಸರಿಯಿತು ಎಂದೇ ನಾನು ತಿಳಿದೆ. ಪಟ್ಟಿಯಲ್ಲಿ ನೀಲವ್ವನ ಹೆಸರಿನ ಮೇಲೆ ಗೆರೆ ಎಳೆದು ಹುಸೇನಿಯ ಹೆಸರು ಬರೆದೆ. ಪಕ್ಷಪಾತ ಮಾಡಲಿಲ್ಲ ಎಂದು ಆ ಸಂಜೆ ಮನಸ್ಸು ಹಗುರವಾಗಿತ್ತು.

ಸಾಹೇಬರು ಮರುವಾರ ಬಂದರು. ರಿಜಿಸ್ಟರ್ ನೋಡುತ್ತ ಆ ಸಾಲಿನ ಮೇಲೆ ಬೆರಳಿಟ್ಟರು.

"ಯಾರದು ತೂಕ ನೋಡಿದ್ರಿ ನೀವು?" ಎಂದು ಕೇಳಿದರು.

ನೀಲವ್ವನದು ಎಂದೆ.

"ಆಕೀದು ಅಲ್ಲ. ತಕ್ಕಡಿ ಮ್ಯಾಲ ಇಬ್ಬರು ನಿಂತಾರ."

ಆಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಏರಿದ್ದು ಕೂಸಿನ ತೂಕ, ಗರ್ಭದ ನೀರಿನ ತೂಕ. ಅದನ್ನು ಕಳೆದರೆ ತಾಯಿಯದು ಎಷ್ಟು ಏರಿತು? ಬಸುರಿನಲ್ಲಿ ಕ್ಷಯ ಕೆಲವರಲ್ಲಿ ಅಡಗಿದಂತೆ ಕಾಣುತ್ತದೆ. ಹೆರಿಗೆಯಾದ ಮೇಲಿನ ವಾರಗಳಲ್ಲಿ ಕಾಡ್ಗಿಚ್ಚಿನಂತೆ ಹಬ್ಬುತ್ತದೆ. ಆಗ ಸಾಯುವವರೇ ಹೆಚ್ಚು. ಹಾಲು, ತತ್ತಿ ತಪ್ಪಬಾರದು. ಬಾಣಂತಿಯನ್ನು ಗಾಳಿಯಿರುವ ಕಡೆ ಮಲಗಿಸಬೇಕು, ಹೊಗೆ ಕೂಡದು, ಕೂಸಿಗೆ ಮೊಲೆ ಕೊಡಿಸಬಾರದು. ಹೆರಿಗೆಯಾದ ಹತ್ತು ದಿನದೊಳಗೆ ದವಾಖಾನೆಗೆ ಕರೆತರಬೇಕು. "ಮನೆಯವರಿಗೆ ಹೆಸರು ಹೇಳ್ರಿ. ಹೆಸರು ಹೇಳದ ಇದೆಲ್ಲ ನಡೆಯೋದಿಲ್ಲ," ಅಂದರು. ಎಣ್ಣೆಯನ್ನು ಹುಸೇನಿಯಿಂದ ಕಿತ್ತುಕೊಳ್ಳುವಂತಿರಲಿಲ್ಲ. ಮುಂದಿನ ಸೀಸೆಗಳು ಬಂದಾಗ ನೀಲವ್ವನಿಗೆ ಎಂದು ಬರೆದಿಟ್ಟೆವು. ಅವು ಬೇಸಿಗೆ ಮುಗಿಯುವವರೆಗೆ ಬರಲಿಲ್ಲ.

ಏಳನೇ ತಿಂಗಳಲ್ಲಿ ಉಡಿ ತುಂಬಿ ಕುಬಸ ಮಾಡಿ ಅವ್ವ ಅವಳನ್ನು ಬೇವೂರಿಗೆ ಕರೆದುಕೊಂಡು ಹೋದಳು. ನಾನು ಮೂರು ಸಲ ಬೇವೂರಿಗೆ ಹೋದೆ. ಪ್ರತಿ ಸಲ ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಪ್ರತಿ ಸಲವೂ ಅವ್ವ ತೊಟ್ಟಿಲಿಗೆ ಹಗ್ಗ ಹೊಸೆಯುತ್ತಲೋ, ಬಾಣಂತಿಯ ಉಂಡೆಗೆಂದು ಅಂಟು, ಅಳವಿ ಹಸನು ಮಾಡುತ್ತಲೋ ಕೂತಿರುತ್ತಿದ್ದಳು. ನೀಲವ್ವ ಅವಳ ಬೆನ್ನ ಹಿಂದಿನಿಂದ ನನ್ನನ್ನು ನೋಡಿ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಳು. 'ಗಾಳಿಯಾಡುವಲ್ಲಿ ಮಲಗಿಸು' ಎಂದಷ್ಟೇ ಹೇಳಿ ಬರುತ್ತಿದ್ದೆ. ಅವ್ವ ಹೂಂ ಅನ್ನುತ್ತಿದ್ದಳು.

1944ರ ಏಪ್ರಿಲ್‌ನಲ್ಲಿ ಹೆಣ್ಣು ಕೂಸು ಹುಟ್ಟಿತು. ಸುದ್ದಿ ನನಗೆ ಆರು ದಿನ ತಡವಾಗಿ ಬಂತು. ದವಾಖಾನೆಯಲ್ಲಿ ಕಾಲರಾ ರೋಗಿಗಳಿದ್ದರು. ರಜೆ ಸಿಕ್ಕು ನಾನು ಹೋದಾಗ ಹೆರಿಗೆಯಾಗಿ ಹನ್ನೆರಡು ದಿನ.

ನಮ್ಮದು ಮಣ್ಣಿನ ಸಪಾಟು ಮಾಳಿಗೆಯ ಮನೆ. ಒಳಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಬಾಣಂತಿಗೆ ಗಾಳಿ ಸೋಕಬಾರದೆಂದು ಅದರ ಮೇಲೆ ಬುಟ್ಟಿ ಕವುಚಿ ಗೋಣಿ ಹೊದಿಸಿದ್ದರು. ಬಾಗಿಲಿಗೆ ಕೌದಿ ಇಳಿಬಿಟ್ಟಿದ್ದರು. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಅದರ ಮೇಲೆ ಅಜವಾನದ ಹೊಗೆ. ನಾನು ಒಳಗೆ ಕಾಲಿಟ್ಟಾಗ ಕಣ್ಣು ಉರಿಯಿತು. ನೀಲವ್ವ ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ಬೆವರಿನಲ್ಲಿ ಮಲಗಿದ್ದಳು. ಕೂಸು ಎದೆಯ ಹತ್ತಿರವೇ ಇತ್ತು. ಅವಳ ಉಸಿರು ಬಾಗಿಲವರೆಗೆ ಕೇಳುತ್ತಿತ್ತು.

ಎಲ್ಲವನ್ನೂ ತೆಗೆಯಬೇಕೆಂದು ಅವ್ವನಿಗೆ ಹೇಳಿದೆ. ಅವ್ವ ಬೇಸರದಿಂದ, ತಾನು ಐದು ಹೆತ್ತವಳು, ಹತ್ತು ಮಂದಿಯ ಬಾಣಂತನ ಮಾಡಿದವಳು ಎಂದಳು. "ನಿಂದು ಸೀಸೆ ವಿದ್ಯಾ, ನಂದು ತೊಟ್ಟಿಲ ವಿದ್ಯಾ. ಗಂಡಸರಿಗೆ ಈ ಖೋಲ್ಯಾಗ ಏನು ಕೆಲಸ? ಹೊರಗ ಹೋಗು."

ಆಗ ಹೇಳಿದೆ. "ಅವ್ವಾ, ಆಕೀಗೆ ಕ್ಷಯ ಐತಿ."

ಅವ್ವ ನನ್ನ ಮುಖವನ್ನೇ ನೋಡಿದಳು. "ಎಂದಿನಿಂದ ಗೊತ್ತು ನಿನಗ?"

"ಹತ್ತು ತಿಂಗಳಾತು."

ಅವ್ವ ಎದ್ದಳು. ಕೆಂಡದ ಕುಂಪಟೆಯನ್ನು ಸೆರಗಿನಿಂದ ಹಿಡಿದು ಅಂಗಳಕ್ಕೆ ಒಯ್ದಿಟ್ಟಳು. ಬಾಗಿಲ ಕೌದಿ ಕಿತ್ತಳು. ಆಮೇಲೆ, ನಾನು ಬೇಡವೆಂದರೂ ಕೇಳದೆ, ಮೊಣಕಾಲು ನೋವಿನ ಆ ಮುದುಕಿ ತಾನೇ ಏಣಿ ಹತ್ತಿ ಮಾಳಿಗೆಗೆ ಹೋಗಿ ಬುಟ್ಟಿ ಸರಿಸಿದಳು. ಬೆಳಕು ನೀಲವ್ವನ ಕಾಲಿನ ಮೇಲೆ ಬಿತ್ತು. ಕಾಲು ಬಾತಿದ್ದವು. ಮೇಲಿನಿಂದ ಅವ್ವ ಒಂದೇ ಮಾತು ಅಂದಳು: "ಒಂದು ಮಾತು ಹೇಳಿದ್ರ ನಾ ಈ ಬೆಂಕಿ ಹಾಕ್ತಿದ್ದಿಲ್ಲಲ್ಲೋ, ತಮ್ಮಾ."

ಮರುದಿನ ಬಂಡಿಯಲ್ಲಿ ಹುಲ್ಲು ಹಾಸಿ ಅವಳನ್ನು ದವಾಖಾನೆಗೆ ತಂದೆವು. ಸಾಹೇಬರು ವರಾಂಡದಲ್ಲಿ ಗಾಳಿಗೆ ಮಲಗಿಸಿದರು. ತೂಕ ಅರವತ್ತೆಂಟು ಪೌಂಡ್. ಯಂತ್ರದ ಮೇಲೆ ನಿಲ್ಲಲಾಗದೆ ನಾನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆದು ಬರೆದೆವು. ಹೆರಿಗೆಯಾದ ಇಪ್ಪತ್ತಾರನೇ ದಿನ, ಮಧ್ಯಾಹ್ನ, ನಾನು ಬೇರೊಬ್ಬರ ಮಿಕ್ಸ್ಚರ್ ಕಲಸುತ್ತಿದ್ದಾಗ ಅವಳು ಹೋದಳು. ಬಸಪ್ಪ ಬಂದಿದ್ದ. ಅವನಾದರೂ ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಹುಸೇನಿ ಬದುಕಿದ. ಇದನ್ನೂ ಬರೆಯಬೇಕು. ಅವನ ತಾಯಿ ಒಂದು ಸೋಮವಾರ ಬಂದು ತೊಳೆದ ಖಾಲಿ ಸೀಸೆಯನ್ನು ನನ್ನೆದುರು ಇಟ್ಟು ಹೋದಳು. ಎಣ್ಣೆ ತಪ್ಪು ಮನುಷ್ಯನಿಗೆ ಹೋಯಿತು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಇಬ್ಬರಿಗೂ ಬೇಕಿತ್ತು.

ಆಮೇಲೆ ಇಪ್ಪತ್ತಮೂರು ವರ್ಷ ಕೆಲಸ ಮಾಡಿದೆ. ಕ್ಷಯಕ್ಕೆ ಸೂಜಿ ಬಂತು, ಗುಳಿಗೆ ಬಂತು. ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂದು ಎಲ್ಲ ರೋಗಿಗಳನ್ನೂ ಗಮನಿಸುತ್ತ ಬಂದೆ. ತಡವಾಗಿ ಬಂದವರು, ಹೊಟ್ಟೆಗಿಲ್ಲದವರು, ಸೆರೆ ಕುಡಿಯುವುದು ಬಿಡದವರು, ಸಕ್ಕರೆ ಕಾಯಿಲೆ ಜತೆಗಿದ್ದವರು, ಹಸಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಇದನ್ನು ಡಾಕ್ಟರರೆಲ್ಲ ಬಲ್ಲರು. ನಾನು ಕಲಿತದ್ದು ಇನ್ನೊಂದು: ಮನೆಯಲ್ಲಿ ರೋಗದ ಹೆಸರು ಹೇಳದವರೂ ಹಾಗೆಯೇ ಸಾಯುತ್ತಿದ್ದರು. ಮುಂದೆ ಯಾವ ರೋಗಿ ಬಂದರೂ ಔಷಧ ಕೊಡುವ ಮೊದಲು, ಮನೆಯಲ್ಲಿ ಅಡಿಗೆ ಮಾಡುವವರು ಯಾರು ಎಂದು ಕೇಳಿ ಅವರನ್ನು ಕರೆಸಿ ಹೆಸರು ಹೇಳುತ್ತಿದ್ದೆ.

ನೀಲವ್ವನ ಮಗಳನ್ನು ಅವ್ವ ಆಡಿನ ಹಾಲು ಕುಡಿಸಿ ಬೆಳೆಸಿದಳು. ಈಗ ಅವಳಿಗೂ ಮಕ್ಕಳಿದ್ದಾರೆ. ಥೇಟು ತಾಯಿಯ ಮುಖ ಎಂದು ಅವ್ವ ಸಾಯುವವರೆಗೆ ಹೇಳುತ್ತಿದ್ದಳು. ನನಗೆ ಗೊತ್ತಿಲ್ಲ. ಕೆಮ್ಮುವಾಗ, ಮಾತಾಡುವಾಗ ಬಾಯಿಗೆ ಸೆರಗು ಹಿಡಿಯಬೇಕೆಂದು ತಂಗಿಗೆ ಕಲಿಸಿದವನು ನಾನು. ಕೊನೆಯ ದಿನಗಳಲ್ಲಿ ಅವಳು ನನ್ನೆದುರು ಅದನ್ನು ಒಮ್ಮೆಯೂ ಇಳಿಸಲಿಲ್ಲ. ಅವಳ ಕಣ್ಣು, ಹಣೆ ನೆನಪಿವೆ. ಅದರ ಕೆಳಗಿನ ಮುಖ ನೆನಪಿಗೆ ಬರುವುದಿಲ್ಲ. ಫೋಟೋ ತೆಗೆಸಿರಲಿಲ್ಲ.