ಆ ಸ್ವಿಚ್ ದಾವಲ್‌ಸಾಬನದಲ್ಲ

ನಂಬಲಾಗುತ್ತಿಲ್ಲ...
ಮೊನ್ನೆ ಸೋಮವಾರ ಫೋನಿನಲ್ಲಿ ಇಪ್ಪತ್ತು ನಿಮಿಷ ನನ್ನ ಜೊತೆ ಜಗಳಾಡಿದವನು...
ಇವತ್ತು ಮುಂಜಾನೆ ಇಲ್ಲ ಅಂದರೆ ಹೇಗೆ ನಂಬಲಿ?

ತಿರ್ಲಾಪುರದ ದಾವಲ್‌ಸಾಬ ತೀರಿಕೊಂಡ. ಹಾರ್ಟ್ ಅಟ್ಯಾಕ್.
ನನ್ನ ಜೊತೆ ದುಡಿದ ವೈರ್‌ಮನ್. ನನ್ನ ಗೆಳೆಯ.

ಗ್ರೂಪಿನಲ್ಲಿ ಸುದ್ದಿ ಹಾಕಿದವರು ಬರೆದದ್ದು ಹೀಗೆ...
"ಸೊಸೈಟಿ ಸುಟ್ಟ ದಾವಲ್ ಇನ್ನಿಲ್ಲ."
ಹಾಗೆ ಬರೆದರೇ ಜನಕ್ಕೆ ಗುರುತು ಸಿಗುತ್ತದಂತೆ.

ಅದರ ಕೆಳಗೆ ನಮ್ಮ ಆಗಿನ ಮ್ಯಾನೇಜರ್ ಫಕ್ಕೀರಗೌಡರ ಕಾಮೆಂಟ್.
"ಪಾಪ, ಒಳ್ಳೆ ಮನಷಾ. ತಪ್ಪು ಯಾರ ಕೈಲಾದರೂ ಆಗ್ತೈತಿ. ನಾ ಅವನ್ನ ಯಾವತ್ತೋ ಕ್ಷಮಿಸೀನಿ."
ಜೊತೆಗೆ ಎರಡು ಕೈಮುಗಿದ ಎಮೋಜಿ.

ಕ್ಷಮಿಸಿದ್ದಾರಂತೆ...

ಅದಕ್ಕೇ ಬರೆಯುತ್ತಿದ್ದೇನೆ. ಕೇಳಿದ್ದಲ್ಲ. ಕಣ್ಣಾರೆ ಕಂಡದ್ದು ಮಾತ್ರ.

ಎಂಬತ್ತರ ದಶಕದ ಕೊನೆ. ನವಲಗುಂದ ತಾಲೂಕಿನ ನಮ್ಮ ಹತ್ತಿ ಸೊಸೈಟಿಗೆ ಕಂಪ್ಯೂಟರ್ ಬಂತು.
ಒಂದಲ್ಲ, ಎರಡು.
ಎರಡೂ ಒಟ್ಟಿಗೇ ಹತ್ತಿಯ ತೂಕ ಬರೆದುಕೊಳ್ಳಬೇಕು. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಲೇ ಇರಬೇಕು. ತೂಕದ ಕಾಟಾದ ಮುಂದೆ ಹತ್ತಿ ಹೇರಿದ ಚಕ್ಕಡಿ ಗಾಡಿಗಳು ಕಾಯಬಾರದು.
ಮಷೀನಿನ ಜವಾಬ್ದಾರಿ ನನ್ನದು. ಕರೆಂಟಿನದು ದಾವಲನದು.

ಅವನು ಕೂತು ಪ್ಲ್ಯಾನ್ ಹಾಕಿದ.
ಒಂದೊಂದು ಮಷೀನಿಗೆ ಬೇರೆ ಫೇಸ್, ಬೇರೆ ಬ್ಯಾಟರಿ ಸೆಟ್, ಬೇರೆ ಸ್ವಿಚ್. ಬೆನ್ನಿಗೆ ಡೀಸೆಲ್ ಜನರೇಟರ್.
ಅರ್ಥಿಂಗ್ ಗುಂಡಿ ಕೂಡ ಎರಡು... ಇದ್ದಿಲು, ಉಪ್ಪು ತುಂಬಿದ.
ಬೇಸಿಗೆಯಲ್ಲಿ ನಮ್ಮ ಕಪ್ಪು ಎರಿ ಭೂಮಿ ಬಿರಿದರೆ ಅರ್ಥಿಂಗ್ ಕೈಕೊಡುತ್ತದೆ. ಅದಕ್ಕೆ ದಿನಾ ಒಂದೊಂದು ಕೊಡ ನೀರು ಸುರಿಯುತ್ತಿದ್ದ.

"ಮಷೀನಿಗೆ ನೀರ ಕುಡಸಾಕತ್ತೀಯೇನಲೇ?" ಅಂತ ನಾನು ಕಾಡಿಸುತ್ತಿದ್ದೆ.
"ನಿನಗ ದಿನಾ ನಾಕ ಚಾ ಬೇಕು. ಅದಕ್ಕ ಒಂದ ಕೊಡ ನೀರು. ಹೆಚ್ಚಿಗಿ ಕೆಲಸ ಯಾರು ಮಾಡ್ತೀರಿ ಹೇಳು?"

ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ಹಿಂದಿನ ದಿನ ಗೌಡರು ರೂಮಿಗೆ ಬಂದು ನೋಡಿದರು.

"ಇವೇನಲೇ ಎರಡ ಸ್ವಿಚ್? ಅಷ್ಟ ದೊಡ್ಡವರು ಎರಡ ಸಲ ಒತ್ತಬೇಕೇನು? ಒಂದ ಒತ್ತಿದ್ರ ಎರಡೂ ಹತ್ತಬೇಕು."
"ಹಂಗ ಮಾಡಾಕ ಬರೂದಿಲ್ರಿ ಸಾಹೇಬ್ರ. ಎರಡ ಎತ್ತ ಒಂದ ಗೂಟಕ್ಕ ಕಟ್ಟಿದಂಗ ಆಗ್ತೈತಿ. ಗೂಟ ಕಿತ್ರ ಎರಡೂ ಹೋದ್ವು."
"ನೀ ಎತ್ತ ಕಾಯಾಂವೋ, ವೈರ್‌ಮನ್ನೋ? ಹೇಳಿದಷ್ಟ ಮಾಡು."

ಮಾಡಿದ. ಎರಡೂ ಮಷೀನು ಒಂದೇ ಬ್ಯಾಟರಿ ಸೆಟ್ಟಿಗೆ, ಒಂದೇ ಸ್ವಿಚ್ಚಿಗೆ.
"ಫಂಕ್ಷನ್ ಮುಗದ ಮರುದಿನ ಬಿಚ್ಚತೇನ್ರಿ" ಅಂತ ಹೇಳಿಯೇ ಮಾಡಿದ.
ಗೌಡರು ಹೂಂ ಅಂದರು. ನಾನು ಅಲ್ಲೇ ಇದ್ದೆ.

ಮರುದಿನ ಸ್ಕ್ರೂಡ್ರೈವರ್ ಹಿಡಿದು ಹೋದರೆ...
ಸ್ವಿಚ್ಚಿನ ಮೇಲೆ ಹಿತ್ತಾಳೆ ಫಲಕ. ಅದರಲ್ಲಿ ಆ ದೊಡ್ಡವರ ಹೆಸರು.
"ಅವರ ಕೈ ಮುಟ್ಟಿದ ಸ್ವಿಚ್ ಅದು. ಕೀಳಾಕ ಬರೂದಿಲ್ಲ ಹೋಗು" ಅಂದರು ಗೌಡರು.

ಮೂರು ಸಲ ಕೇಳಿದ.
ನಾಲ್ಕನೆಯ ಸಲ ಲಾಗ್‌ಬುಕ್ಕಿನಲ್ಲಿ ಬರೆದ. "ಸ್ವಿಚ್ ಬಿಸಿಯಾಗುತ್ತಿದೆ. ಮಷೀನು ಬೇರೆ ಬೇರೆ ಮಾಡಬೇಕು."

ಹತ್ತಿ ಸೀಜನ್ನಿನ ನಡುವೆ ಆ ಸ್ವಿಚ್ ಹೊತ್ತಿತು.
ಎರಡೂ ಮಷೀನು ಒಟ್ಟಿಗೇ ಆರಿದವು. ಬೆಂಕಿ ಕಾಗದದ ರಾಶಿಗೆ ತಗುಲಿ ಅರ್ಧ ರೂಮು ಕರಿಯಾಯಿತು.
ಎರಡನೆಯ ಬ್ಯಾಟರಿ ಸೆಟ್ ಮೂಲೆಯಲ್ಲಿ ಫುಲ್ ಚಾರ್ಜ್ ಆಗಿ ನಿಂತಿತ್ತು... ಯಾವುದಕ್ಕೂ ಜೋಡಿಸದೆ.
ತೂಕದ ಲೆಕ್ಕವೆಲ್ಲ ಅಳಿಸಿಹೋಯಿತು. ರೈತರು ಕಾಟಾದ ಮುಂದೆ ಗದ್ದಲ ಎಬ್ಬಿಸಿದರು. ಯಾರನ್ನಾದರೂ ಬಲಿ ಕೊಡಬೇಕಿತ್ತು.

ವಿಚಾರಣೆಯ ಹೊತ್ತಿಗೆ ಲಾಗ್‌ಬುಕ್ಕಿನಲ್ಲಿ ಆ ಹಾಳೆ ಇರಲಿಲ್ಲ.
ಗೌಡರು ಅದನ್ನು ಹರಿದು ಜುಬ್ಬಾದ ಕಿಸೆಗೆ ಹಾಕಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.
ವರದಿ ಹೀಗಿತ್ತು... "ವೈರಿಂಗ್ ದೋಷ. ವೈರ್‌ಮನ್ ಹೊಣೆ. ಮುನ್ಸೂಚನೆ ಕೊಟ್ಟಿರಲಿಲ್ಲ."
ಸಾಕ್ಷಿಯ ಸಹಿ ನನ್ನದು.

ದಾವಲ್...
ನಾನು ಸಹಿ ಮಾಡಲ್ಲ ಅಂದಾಗ ಕಾಟಾದ ಹಿಂದೆ ಎಳಕೊಂಡು ಹೋದವನು ನೀನು.
"ಸಹಿ ಮಾಡೋ ಈರ್ಯಾ. ಇಲ್ಲಂದ್ರ ಸೊಸೈಟ್ಯಾಗಿರೊ ನನ್ನ ತಮ್ಮನ್ನೂ ಕೆಲಸದಿಂದ ತಗೀತೇನಿ ಅಂದಾನ ಗೌಡ. ನಾ ಇರೂತನಕ ಬಾಯಿ ಬಿಡಬ್ಯಾಡ."

ನೀನು ಕೆಲಸ ಕಳಕೊಂಡು ಮನೆಗೆ ಹೋದೆ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡಿ ಬದುಕಿದೆ.
ನೀನು ಸುತ್ತಿದ ಮೋಟಾರುಗಳು ಸುತ್ತಲಿನ ಹೊಲಗಳಲ್ಲಿ ಇವತ್ತಿಗೂ ನೀರೆತ್ತುತ್ತವೆ. ಆದರೂ ನಿನ್ನ ಮಗಳನ್ನು ನೋಡಲು ಬಂದವರು ಕೇಳಿದ್ದು... "ಸೊಸೈಟಿ ಸುಟ್ಟವನ ಮಗಳೇನ್ರಿ?"

ಸೋಮವಾರದ ಜಗಳವೂ ಅದಕ್ಕೇ.
"ನಿನ್ನ ತಮ್ಮ ರಿಟೈರ್ ಆಗಿ ಎಷ್ಟ ವರ್ಷ ಆತು. ಈಗರ ಹೇಳತೇನಿ" ಅಂದೆ.
"ನಾ ಇನ್ನೂ ಜೀವಂತ ಅದೇನಲ್ಲಲೇ" ಅಂದು ನಕ್ಕೆ ನೀನು.

ಇವತ್ತು ಮುಂಜಾನೆಗೆ ಆ ಮಾತಿನ ಅವಧಿ ಮುಗಿಯಿತು.

ಗೌಡರೇ, ನಿಮ್ಮನ್ನು ಟ್ಯಾಗ್ ಮಾಡಿದ್ದೇನೆ. ನಿಮ್ಮ ಮಕ್ಕಳು, ಮೊಮ್ಮಕ್ಕಳನ್ನೂ.
ಇದರಲ್ಲಿ ಒಂದು ಸಾಲು ಸುಳ್ಳಿದ್ದರೆ ಕೆಳಗೆ ಬರೆಯಿರಿ.
ಕೇಸ್ ಹಾಕುವುದಾದರೆ ಹಾಕಿ. ಸುಳ್ಳು ಸಹಿ ಹಾಕಿದವನು ನಾನು ಅಂತ ಕೋರ್ಟಿನಲ್ಲೇ ಹೇಳುತ್ತೇನೆ. ನನಗೂ ಶಿಕ್ಷೆ ಆಗಲಿ. ನಿಮ್ಮ ಬಾಜೂ ನಿಂತು ಅನುಭವಿಸುತ್ತೇನೆ.

ಸ್ನೇಹಿತರೇ, ಶೇರ್ ಮಾಡಿ. ಒಂದಕ್ಷರ ಬದಲಿಸಬೇಡಿ.

ಮಣ್ಣು ಕೊಡುವುದು ಮಧ್ಯಾಹ್ನದ ನಮಾಜಿನ ನಂತರ, ತಿರ್ಲಾಪುರದಲ್ಲಿ.
ತಪ್ಪದೆ ಬರ್ರಿ ಗೌಡ್ರ. ಮುಂದ ನಿಂದರ್ರಿ.
ಇದನ್ನೆಲ್ಲ ಅಲ್ಲಿ ಇನ್ನೊಮ್ಮೆ ಬಾಯಿಲೆ ಹೇಳಾಂವ ಇದ್ದೇನಿ.

ದಾವಲ್, ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ. ಆರಾಮ ಮಲಗು ಗೆಳೆಯಾ...
ಗೌಡರ ನಿದ್ದೆಯ ಜವಾಬ್ದಾರಿ ಇವತ್ತಿನಿಂದ ನನ್ನದು.