ಹಗಲು ಮಲಗುವ ಹುಡುಗನನ್ನು ನೋಡಲು ಹೋದದ್ದು

ಮೊಮ್ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಅಷ್ಟರಲ್ಲಿ, ಹುಡುಗ ಮಧ್ಯಾಹ್ನದವರೆಗೆ ಮಲಗಿರುತ್ತಾನೆ ಎಂಬ ಸುದ್ದಿ ಬಂತು.

ಸುದ್ದಿ ತಂದವನು ನನ್ನ ಮಗನೇ. ವಿಚಾರಿಸದೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗ ಕೆಲಸ ಮಾಡುವ ಬೆಟ್ಟದ ಬುಡದಲ್ಲಿ ಒಂದು ಟೀ ಅಂಗಡಿ ಇದೆ. ಮಗ ಅಲ್ಲಿ ಟೀ ಕುಡಿಯುತ್ತಾ, ಏನೋ ಮಾತಿಗೆ ಮಾತು ಬಂದ ಹಾಗೆ ಹುಡುಗನ ಬಗ್ಗೆ ಕೇಳಿದನಂತೆ. ಅಂಗಡಿಯವನು, "ಅವ್ರಾ? ಒಳ್ಳೇರು ಸಾರ್. ಆದ್ರೆ ಹಗಲು ಹೊತ್ತು ಕಣ್ಣಿಗೇ ಬೀಳಲ್ಲ. ಊಟದ ಹೊತ್ತು ಕಳೆದ ಮೇಲೆ ಕಣ್ಣುಜ್ಜಿಕೊಂಡು ಬರ್ತಾರೆ" ಅಂದನಂತೆ.

ನನ್ನ ಸೊಸೆ ಶಿವಮೊಗ್ಗ ಕೋಟೆಯ ಅಡಿಕೆ ವ್ಯಾಪಾರದವರ ಮನೆಯ ಮಗಳು. ಅವಳ ತವರಿನಲ್ಲಿ ಗಂಡಸರು ಹೊತ್ತು ಹುಟ್ಟುವ ಮೊದಲೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿಂತಿರುತ್ತಾರೆ. ಅವಳು ಭದ್ರಾವತಿಗೆ, ನನಗೆ, ಫೋನ್ ಮಾಡಿ ಅತ್ತಳು.

"ನಮ್ಮ ಮನೇಲಿ ಹಗಲು ಮಲಗೋರು ಅಂದ್ರೆ ಜ್ವರ ಬಂದೋರು ಮಾತ್ರ ಅತ್ತೆ."

"ಅವ್ನು ರಾತ್ರಿ ಕೆಲಸ ಮಾಡ್ತಾನಲ್ಲೇ ಮಾರಾಯ್ತಿ. ಇನ್ಯಾವಾಗ ಮಲಗ್ಬೇಕು?"

"ಅದೇನು ಕೆಲಸ ಅತ್ತೆ? ನಕ್ಷತ್ರ ನೋಡೋದೂ ಒಂದು ಕೆಲಸನಾ?"

ಹುಡುಗ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ದೊಡ್ಡ ದೂರದರ್ಶಕ ನಡೆಸುವವನು. ಓದಿದವರು ದೂರದ ಊರುಗಳಲ್ಲಿ ಕೂತು ಇಂಥ ಕಡೆ ತಿರುಗಿಸು ಅಂದರೆ ಇವನು ತಿರುಗಿಸಬೇಕು, ಮೋಡ ಬಂದರೆ ಮುಚ್ಚಬೇಕು, ಬೆಳಗಿನವರೆಗೆ ಕಾಯಬೇಕು. ಮೊಮ್ಮಗಳು ಶಿವಮೊಗ್ಗದ ಶಾಲೆಯಲ್ಲಿ ವಿಜ್ಞಾನದ ಟೀಚರು. ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದಾಗ ಪರಿಚಯವಾಗಿ, ಆಮೇಲೆ ಇವಳೇ ಬಾಯಿಬಿಟ್ಟು ಮನೆಯಲ್ಲಿ ಹೇಳಿದಳು. ಹುಡುಗನ ಅಪ್ಪ ಅಮ್ಮ ಬಂದು ಉಪ್ಪಿಟ್ಟು ತಿಂದು, ಒಪ್ಪಿಗೆ ಅಂತ ಹೇಳಿಯೂ ಹೋಗಿದ್ದರು. ಹುಡುಗನಿಗೆ ರಜೆ ಸಿಕ್ಕಿರಲಿಲ್ಲ. ಮೊಮ್ಮಗಳನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಅವನನ್ನು ಎದುರಿಗೆ ನೋಡಿರಲಿಲ್ಲ.

"ಅಮ್ಮ, ನೀನು ಹೇಳು. ನೀನು ಬೇಡ ಅಂದ್ರೆ ಬೇಡ" ಎಂದು ಮಗ ನನ್ನ ತಲೆಗೆ ಕಟ್ಟಿದ.

ನನ್ನ ತಲೆಗೇ ಕಟ್ಟಲು ಕಾರಣವಿತ್ತು. ನಮ್ಮ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದವರು. ಅರ್ಧ ಆಯುಸ್ಸು ರಾತ್ರಿ ಶಿಫ್ಟಿನಲ್ಲೇ ಹೋಯಿತು. ಹಗಲು ಮಲಗುವ ಗಂಡಸಿನ ಜೊತೆ ಸಂಸಾರ ಮಾಡುವುದು ಏನೆಂದು ಸೊಸೆಗೆ ಗೊತ್ತಿಲ್ಲ, ನನಗೆ ಗೊತ್ತು. ಕ್ವಾರ್ಟರ್ಸಿನ ಕಿಟಕಿಗೆ ಸಿಮೆಂಟ್ ಚೀಲದ ಕಾಗದ ಅಂಟಿಸಿದ್ದೆ. ಅವರು ಮಲಗಿದರೆ ಕೈಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದೆ, ಸದ್ದಾಗಬಾರದು ಅಂತ. ಪಾತ್ರೆ ಇಡುವ ಕಡೆ ಹಳೇ ಪಂಚೆ ಹಾಸುತ್ತಿದ್ದೆ. ಪಕ್ಕದ ಮನೆಯ ತಮಿಳಮ್ಮ ಒರಳಲ್ಲಿ ಹಿಟ್ಟು ರುಬ್ಬಲು ಕೂತರೆ ಓಡಿಹೋಗಿ ಕೈಮುಗಿಯುತ್ತಿದ್ದೆ. ಅವಳು ಒಳ್ಳೆಯವಳು, ಬೈದುಕೊಂಡೇ ನಿಲ್ಲಿಸುತ್ತಿದ್ದಳು. ನನ್ನ ಮಗ ಮಾತು ಕಲಿಯುವ ಮೊದಲು ಪಿಸುಮಾತು ಕಲಿತ.

ಇಷ್ಟಾಗಿಯೂ ಯಾವತ್ತೋ ಒಂದು ದಿನ ಏನೋ ಬೀಳುತ್ತಿತ್ತು. ಅವರು ಎದ್ದವರೇ ಕೈಗೆ ಸಿಕ್ಕಿದ್ದನ್ನು ಗೋಡೆಗೆ ಎಸೆಯುತ್ತಿದ್ದರು. ಒಂದು ದಿನವೂ ನನ್ನ ಮೇಲೆ ಎಸೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಗ್ಗು ಬಿದ್ದ ಹಿತ್ತಾಳೆ ಚೊಂಬು ಈಗಲೂ ಬಚ್ಚಲಲ್ಲಿದೆ. ನೀರು ಸೋರುವುದಿಲ್ಲ, ಬಳಸುತ್ತೇನೆ. ಸಂಜೆ ಎದ್ದು ಮುಖ ತೊಳೆದ ಮೇಲೆ ಅವರಷ್ಟು ಒಳ್ಳೆಯ ಮನುಷ್ಯ ಕಾಲೋನಿಯಲ್ಲಿ ಇರಲಿಲ್ಲ. ಅದಕ್ಕೇ ಮಗನಿಗೆ ಹೇಳಿದೆ: "ಹುಡುಗ ಎದ್ದಿರುವಾಗ ನೋಡಿ ಪ್ರಯೋಜನ ಇಲ್ಲ. ಮಲಗಿರುವಾಗ ನೋಡ್ಬೇಕು. ನಾವು ಬರೋದು ಅವನಿಗೆ ತಿಳಿಸಬೇಡಿ. ತಿಳಿದರೆ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಕಾಯ್ತಾ ಕೂರ್ತಾನೆ."

ಮೊಮ್ಮಗಳಿಂದ ಆಣೆ ಹಾಕಿಸಿಕೊಂಡೆ. ಅವಳು ಮುಖ ಊದಿಸಿಕೊಂಡೇ ಒಪ್ಪಿದಳು.

ಬೆಟ್ಟದ ಮೇಲೆ ಮನೆಗಳಿಲ್ಲ. ಕೆಲಸದವರು ಬುಡದಲ್ಲಿರುವ ಒಂದು ತೋಟದ ಹೋಮ್‌ಸ್ಟೇಯಲ್ಲಿ, ಹಿಂದಿನ ಸಾಲಿನ ಕೋಣೆಗಳಲ್ಲಿ ಬಾಡಿಗೆಗಿದ್ದಾರೆ. ಮುಂದಿನ ಸಾಲು ಪ್ರವಾಸಿಗಳಿಗೆ. ನಾವು ಮುಂದಿನ ಸಾಲಿನಲ್ಲಿ ಜಾಗ ಹಿಡಿದೆವು. ಮಗ, ಸೊಸೆ, ಮೊಮ್ಮಗಳು ಶಿವಮೊಗ್ಗದಿಂದ ಕಾರಿನಲ್ಲಿ ಬಂದು ನನ್ನನ್ನು ಭದ್ರಾವತಿಯಲ್ಲಿ ಹತ್ತಿಸಿಕೊಂಡರು. ಸೋಗಾನೆ ಹತ್ತಿರ ವಿಮಾನ ಇಳಿಯುವುದನ್ನು ನೋಡುತ್ತಾ ನಿಂತು ತಡಮಾಡಿದ್ದರು. ತಲುಪುವಾಗ ಕತ್ತಲಾಗಿತ್ತು. ಹುಡುಗ ಆಗಲೇ ಬೆಟ್ಟ ಹತ್ತಿದ್ದ.

ಹೋಮ್‌ಸ್ಟೇ ಅಂದರೆ ಏನೋ ಅಂದುಕೊಂಡಿದ್ದೆ. ಮಣ್ಣಿನ ಗೋಡೆ, ನಾಡಹಂಚು, ಸಗಣಿ ಸಾರಿಸಿದ ನೆಲ, ಹಗ್ಗದ ಮಂಚ, ಸೌದೆ ಒಲೆ. ನಾನು ಹುಟ್ಟಿದ ಮನೆ ಹೀಗೇ ಇತ್ತು. ಅದನ್ನು ಬಿಟ್ಟು ಬಂದಾಗ ನನಗೇನೂ ಬೇಜಾರಾಗಿರಲಿಲ್ಲ. ಈಗ ದುಡ್ಡು ಕೊಟ್ಟು ಅಲ್ಲೇ ಮಲಗಬೇಕು. ಕೊಟ್ಟಿಗೆಯಲ್ಲಿ ಎರಡು ಕುದುರೆ, ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸಲು. ಬಲ್ಬುಗಳಿಗೆಲ್ಲ ಕೆಂಪು ಕಾಗದ ಸುತ್ತಿದ್ದರು.

"ಇದೇನ್ರೀ ಕೆಂಪು ಲೈಟು? ಊಟದಲ್ಲಿ ಹುಳ ಇದ್ರೂ ಕಾಣಲ್ಲ" ಅಂದಳು ಸೊಸೆ.

ಮನೆಯೊಡತಿ ನನ್ನ ಸೊಸೆಯ ವಯಸ್ಸಿನವಳೇ, ಗಟ್ಟಿಗಿತ್ತಿ. "ಬಿಳೀ ಲೈಟು ಹಾಕಿದ್ರೆ ಮೇಲಿನೋರಿಗೆ ನಕ್ಷತ್ರ ಕಾಣಲ್ಲಂತೆ ಕಣಮ್ಮ. ಹುಳ ಇಲ್ಲ, ಉಣ್ಣಿ" ಅಂದಳು. ನನಗೆ ಅವಳು ಹಿಡಿಸಿದಳು. ರೊಟ್ಟಿ ಚೆನ್ನಾಗಿತ್ತು. ಬದನೆಕಾಯಿ ಪಲ್ಯಕ್ಕೆ ಉಪ್ಪು ಮುಂದಾಗಿತ್ತು.

ಬೆಳಗಾಗುವಾಗ ನಾನು ಎದ್ದು ಜಗಲಿಯಲ್ಲಿ ಕೂತಿದ್ದೆ. ಗೇಟಿನ ಹತ್ತಿರ ಬೈಕಿನ ಸದ್ದು ನಿಂತಿತು. ಮೊಮ್ಮಗಳ ಫೋನಿನಲ್ಲಿ ನೋಡಿದ್ದ ಹುಡುಗನೇ, ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು, ಬೈಕನ್ನು ತಳ್ಳುತ್ತಾ ಒಳಗೆ ಬಂದ. ಮಲಗಿದವರಿಗೆ ಎಚ್ಚರವಾಗದಿರಲಿ ಎಂದು. ಒಳ್ಳೆಯ ಗುಣವೇ. ಆದರೆ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಯಜಮಾನರೂ ಬೀದಿಯ ತುದಿಯಲ್ಲೇ ಸೈಕಲ್ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಎದ್ದಿರುವಾಗ ಎಲ್ಲರೂ ಒಳ್ಳೆಯವರೇ.

ಅವನು ಹಿಂದಿನ ಸಾಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಗೆ ಒಳಗಿನಿಂದ ಕರೀ ಬಟ್ಟೆ ಕಟ್ಟಿತ್ತು. ನನ್ನ ಸಿಮೆಂಟ್ ಕಾಗದ ನೆನಪಾಯಿತು.

ತಿಂಡಿಯ ಹೊತ್ತಿಗೆ ಒಂದು ಸಂಗತಿ ನೋಡಿದೆ. ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ನಮಗೆಲ್ಲ ತಟ್ಟೆ ಹಾಕಿದ್ದರು. ಅಲ್ಲಿಂದ ಅವನ ಬಾಗಿಲು ಹತ್ತು ಮಾರು ದೂರ. ಮೊಮ್ಮಗಳು ನೀರಿನ ಲೋಟ ತರಲು ಎದ್ದಳು. ಹೋಗುವಾಗ ಕೈಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಳು. ತುದಿಗಾಲಲ್ಲಿ ನಡೆದಳು. ಲೋಟಗಳ ಕೆಳಗೆ ತನ್ನ ದುಪ್ಪಟ್ಟದ ಸೆರಗು ಹಾಸಿ ಇಟ್ಟಳು. ಅವಳ ಅಪ್ಪ ಏನೋ ಕೇಳಿದರೆ ತುಟಿಗೆ ಬೆರಳಿಟ್ಟಳು.

ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಹುಟ್ಟುವ ಹೊತ್ತಿಗೆ ಅವಳ ತಾತ ರಿಟೈರ್ ಆಗಿದ್ದರು. ನಾನು ದೋಸೆ ಮುರಿಯುವುದನ್ನು ಬಿಟ್ಟು ಅವಳನ್ನೇ ನೋಡಿದೆ. ತರಗತಿಯಲ್ಲಿ ಅವಳ ಗಂಟಲು ರಸ್ತೆಗೆ ಕೇಳುತ್ತದೆ ಎಂದು ಹೆಡ್‌ಮಾಸ್ಟರರೇ ಹೇಳಿದ್ದುಂಟು. ಅಂಥ ಗಂಟಲಿನವಳು ಮದುವೆಗೆ ಮೊದಲೇ ತುದಿಗಾಲಲ್ಲಿ ನಿಂತಿದ್ದಳು. ಸುಮ್ಮನೆ ಕೂತು ನೋಡಿಕೊಂಡು ಹೋಗೋಣ ಅಂದುಕೊಂಡು ಬಂದಿದ್ದವಳು, ಆಗ ಮನಸ್ಸು ಬದಲಾಯಿಸಿದೆ.

"ನೀವು ಕುದುರೆ ನೋಡಿಕೊಂಡು ಬನ್ನಿ. ನನಗೆ ಮಂಡಿ ನೋವು" ಎಂದು ಮೂವರನ್ನೂ ಕಳಿಸಿದೆ. ನಲ್ಲಿಯ ಹತ್ತಿರ ಸ್ಟೀಲಿನ ಕೊಡಪಾನ ಇತ್ತು. ಎತ್ತಿಕೊಂಡೆ. ಮನೆಯೊಡತಿ ಒಲೆಯ ಹತ್ತಿರದಿಂದ ಕತ್ತು ಚಾಚಿದಳು.

"ನೀರು ಬೇಕಿತ್ತೇನಜ್ಜಿ?"

"ನೀರು ಬೇಡ. ಸದ್ದು ಬೇಕು. ಆ ಕೋಣೆಯೋನಿಗೆ ನನ್ನ ಮೊಮ್ಮಗಳನ್ನ ಕೊಡೋ ಮಾತಿದೆ. ಎಬ್ಬಿಸಿದ್ರೆ ಏನಂತಾನೆ ನೋಡ್ಬೇಕು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ಬಂದು ನಿಂತಳು. "ಹಾಕಿ. ನಾನೂ ನೋಡ್ಬೇಕು. ಬಾಡಿಗೆ ತಗೊಳ್ತೀನೇ ಹೊರತು ಆ ಹುಡುಗನ್ನ ಎಬ್ಬಿಸೋ ಧೈರ್ಯ ನನಗೂ ಬಂದಿಲ್ಲ."

ಅವನ ಬಾಗಿಲ ಮುಂದೆ ಮೂರು ಕಲ್ಲಿನ ಮೆಟ್ಟಿಲು. ಮೇಲಿನ ಮೆಟ್ಟಿಲಿನಿಂದ ಕೊಡಪಾನ ಕೈಬಿಟ್ಟೆ. ಅದು ಒಂದೊಂದು ಮೆಟ್ಟಿಲಿಗೂ ಹೊಡೆದು, ಅಂಗಳದಲ್ಲಿ ಉರುಳಿ, ಬಾಳೆಗಿಡಕ್ಕೆ ತಾಗಿ ನಿಂತಿತು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅಷ್ಟು ವರ್ಷ ಬೀಳದ ಹಾಗೆ ಹಿಡಿದುಕೊಂಡ ಕೈ, ಬೇಕೆಂದೇ ಬಿಟ್ಟದ್ದು ಅದೇ ಮೊದಲು. ಹೇಳಬಾರದು, ಒಂಥರಾ ಹಿತವಾಗಿತ್ತು.

ಒಳಗೆ ಮಂಚ ಕಿರುಗುಟ್ಟಿತು. "ಯಾರ್ರೀ ಅದು!" ಎಂದು ಕೂಗು ಬಂತು. ಬಾಗಿಲು ತೆರೆಯಿತು. ಕಣ್ಣು ಕೆಂಪಗೆ, ಕೂದಲು ಕೆದರಿ, ಲುಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಅವನ ಇನ್ನೊಂದು ಕೈಯನ್ನೇ ನೋಡುತ್ತಿದ್ದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ನೀರಿನ ಚೊಂಬು, ಟಾರ್ಚು, ಎರಡೂ ಇದ್ದವು.

ಕೈ ಅತ್ತ ಹೋಗಲಿಲ್ಲ.

"ಅಜ್ಜಿ, ಬೆಳಗ್ಗೆ ಮಲಗಿದೀನಿ ನಾನು. ಸ್ವಲ್ಪ ನೋಡ್ಕೊಂಡು ಓಡಾಡ್ರಿ" ಅಂದ. ದನಿಯಲ್ಲಿ ಸಿಟ್ಟಿತ್ತು, ಚೆನ್ನಾಗಿಯೇ ಇತ್ತು. ಅವನು ಬರಿಗಾಲಲ್ಲಿ ಅಂಗಳಕ್ಕೆ ಇಳಿದು, ಕೊಡಪಾನ ಎತ್ತಿ, ಬಾಯಿಯೊಳಗೆ ಒಮ್ಮೆ ನೋಡಿ, ನನಗೆ ಕೊಡದೆ ಒಯ್ದು ಅಡುಗೆಮನೆಯ ಮಾಡಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಧಡಾರನೆ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಮನೆಯೊಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಈಗ ನೀರಿಗೇನು ಮಾಡ್ಲಜ್ಜಿ? ನನಗೂ ಎಟುಕಲ್ಲ ಅದು" ಅಂದಳು.

ಕುದುರೆ ನೋಡಿ ಬಂದವರಿಗೆ ನಾನು ಏನೂ ಹೇಳಲಿಲ್ಲ.

ಶನಿವಾರ ಸಂಜೆ ಬೆಟ್ಟಕ್ಕೆ ಹೊರಗಿನವರನ್ನು ಬಿಡುತ್ತಾರೆ. ಅವತ್ತು ಶನಿವಾರವೇ, ಹೊತ್ತು ಮುಳುಗುವಾಗ ನಾವು ಮೇಲೆ ಹೋದೆವು. ಗಾಳಿ ಸೀರೆಯನ್ನು ಕಿತ್ತುಕೊಂಡು ಹೋಗುವ ಹಾಗಿತ್ತು. ದೊಡ್ಡ ಬಿಳೀ ಗುಮ್ಮಟ, ಮಗ್ಗುಲಲ್ಲಿ ಬಾಗಿಲು. ಒಳಗೆ ಅದೇ ಹುಡುಗ, ಈಗ ತಲೆ ಬಾಚಿಕೊಂಡು, ಶಾಲೆಯ ಮಕ್ಕಳಿಗೆ ಏನೋ ವಿವರಿಸುತ್ತಿದ್ದ. ನಮ್ಮ ಕಡೆ ತಿರುಗಿದ. ಮೊದಲು ಮೊಮ್ಮಗಳನ್ನು ನೋಡಿದ. ಆಮೇಲೆ ಪಕ್ಕದಲ್ಲಿದ್ದ ನನ್ನನ್ನು ನೋಡಿದ.

"ಕೊಡಪಾನದಜ್ಜಿ" ಅಂದ, ಮೆಲ್ಲಗೆ.

"ಯಾವ ಕೊಡಪಾನ?" ಎಂದಳು ಸೊಸೆ.

"ನಿನಗಲ್ಲ, ಸುಮ್ನಿರೇ" ಅಂದೆ. ಸರದಿ ಬಂದಾಗ ಅವನು ನನ್ನ ಕೈ ಹಿಡಿದು ಕಬ್ಬಿಣದ ಏಣಿಯ ಮೇಲೆ ಹತ್ತಿಸಿದ. ಕಣ್ಣಿಟ್ಟು ನೋಡಿದರೆ ಚಂದ್ರ. ದೊಡ್ಡದು, ಬೂದಿ ಬಣ್ಣ, ಮೈಯೆಲ್ಲ ಗುಳಿ. ಕಾರ್ಖಾನೆಯ ಹಿಂದೆ ಸುರಿಯುತ್ತಿದ್ದ ಕಿಟ್ಟ ಆರಿದ ಮೇಲೆ ಹೀಗೇ ಇರುತ್ತಿತ್ತು. ಹಾಗಂತ ಹೇಳಿದೆ. ಅವನಿಗೆ ಕಿಟ್ಟ ಗೊತ್ತಿರಲಿಲ್ಲ. ಕಬ್ಬಿಣ ಕರಗಿದಾಗ ಮೇಲೆ ತೇಲುವ ಕಸ ಎಂದು ನಾನೇ ಹೇಳಬೇಕಾಯಿತು.

ಕಣ್ಣು ತೆಗೆಯದೆಯೇ ಹೇಳಿದೆ. "ಬೆಳಗ್ಗೆ ಕೊಡಪಾನ ತಾನಾಗಿ ಬಿದ್ದಿದ್ದಲ್ಲ."

"ಗೊತ್ತಾಯ್ತು ಅಜ್ಜಿ. ನಲ್ಲಿ ಕಡೆಯಿಂದ ಯಾರು ಖಾಲಿ ಕೊಡ ಹೊತ್ಕೊಂಡು ಬರ್ತಾರೆ? ಒಳಗೆ ತೊಟ್ಟು ನೀರಿರಲಿಲ್ಲ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದೆನಲ್ಲ."

"ಅದು ಬೈಗುಳ ಅಲ್ಲ ಬಿಡು. ಈಗ ಕೇಳು. ನನ್ನ ಮೊಮ್ಮಗಳದ್ದು ದೊಡ್ಡ ಗಂಟಲು. ಕುಕ್ಕರ್ ಕೂಗಿಸ್ತಾಳೆ. ಮಿಕ್ಸಿ ಹಾಕ್ತಾಳೆ. ಮುಂದೆ ಮಕ್ಕಳಾದ್ರೆ ಅವೂ ಕಿರುಚ್ತವೆ. ನೀನು ಮಲಗಿದೀಯ ಅಂತ ಅವಳು ಕಳ್ಳಬೆಕ್ಕಿನ ಥರ ಓಡಾಡೋದು ನನಗೆ ಬೇಡ. ಏನ್ಮಾಡ್ತೀಯ?"

"ಕಿವಿಗೆ ಹತ್ತಿ ಇಟ್ಕೋತೀನಿ."

"ಇವತ್ತು ಯಾಕೆ ಇಟ್ಕೊಂಡಿರಲಿಲ್ಲ?"

"ಇಟ್ಕೊಂಡಿದ್ದೆ ಅಜ್ಜಿ. ನೀವು ಹಾಗೆ ಬೀಳಿಸಿದ್ರಿ."

ಏಣಿಯ ಮೇಲೆ ನಿಂತು ನಕ್ಕರೆ ಬೀಳುತ್ತೇನೆಂದು ಕಂಬಿ ಹಿಡಿದುಕೊಂಡೆ. ಕೆಳಗೆ ಮೊಮ್ಮಗಳು ಕೈಕೈ ಹಿಸುಕಿಕೊಳ್ಳುತ್ತಾ ನಿಂತಿದ್ದಳು. ಇಳಿದು, ಬೆಳಗ್ಗೆಯಿಂದ ಮೊಣಕೈಯಲ್ಲೇ ಇದ್ದ ಅವಳ ಬಳೆಗಳನ್ನು ಮಣಿಕಟ್ಟಿಗೆ ಎಳೆದು ಬಿಟ್ಟೆ. ಝಲ್ಲೆಂದವು. "ಅಲ್ಲಾಡಿಸು. ಅವನೇನೂ ಮಲಗಿಲ್ಲ" ಅಂದೆ. ಮಗನ ಕಡೆ ತಿರುಗಿ, "ಆಗಬಹುದು" ಅಂದೆ.

ಸೊಸೆಗೆ ಇನ್ನೂ ಅನುಮಾನ. "ಅತ್ತೆ, ಮುಹೂರ್ತ ಬೆಳಗ್ಗೇನೇ ಬರೋದು. ಅವತ್ತಾದ್ರೂ ಎದ್ದಿರ್ತಾನಾ?"

ಹುಡುಗನೇ ಉತ್ತರ ಕೊಟ್ಟ. ಮಳೆಗಾಲದಲ್ಲಿ ಮೋಡ ಇರುವುದರಿಂದ ದೂರದರ್ಶಕ ಮುಚ್ಚಿರುತ್ತಾರೆ, ಆಗ ಅವನೂ ಎಲ್ಲರ ಹಾಗೆ ರಾತ್ರಿ ಮಲಗುತ್ತಾನಂತೆ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಹಾಗಾದರೆ ಶ್ರಾವಣ ಅಂದಳು ಸೊಸೆ. ಬೆಟ್ಟ ಇಳಿಯುವ ಮೊದಲೇ ತವರಿಗೆ ಫೋನ್ ಮಾಡಿ ಪಂಚಾಂಗ ತೆಗೆಸಿದಳು. ಒಪ್ಪಿಕೊಂಡಳು ಅಂತ ನನಗೆ ಗೊತ್ತಾಗಿದ್ದು ಹಾಗೆ.

ಮದುವೆಯ ದಿನ ಮಳೆ ಹಿಡಿದುಕೊಂಡಿತ್ತು. ಮಾಂಗಲ್ಯ ಕಟ್ಟುವ ಮುಂಚೆ ಹುಡುಗ ಒಂದು ಸಲ ಆಕಳಿಸಿದ. ಸೊಸೆ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಈ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆ. ಬೆಟ್ಟದ ಹತ್ತಿರದ ಊರಿನಲ್ಲೇ ಬಾಡಿಗೆ ಮನೆ, ಮೊಮ್ಮಗಳಿಗೂ ಅಲ್ಲೇ ಶಾಲೆ ಸಿಕ್ಕಿದೆ. ರಜೆಯ ದಿನ, ಬೆಳಗಿನ ಹನ್ನೊಂದರ ಸುಮಾರು. ಅವನು ಕೋಣೆಯಲ್ಲಿ ಮಲಗಿದ್ದ. ನಾನು ಅಭ್ಯಾಸಬಲದಿಂದ ಮೆಲ್ಲಗೆ ನಡೆಯುತ್ತಿದ್ದೆ, ಪಿಸುಗುಟ್ಟುತ್ತಿದ್ದೆ.

"ಏನಜ್ಜಿ, ಗಂಟಲು ಕಟ್ಟಿದೆಯಾ? ಜೋರಾಗಿ ಮಾತಾಡು, ಕೇಳಿಸಲ್ಲ" ಎಂದು ಕೂಗಿದಳು ಮೊಮ್ಮಗಳು, ಅಡುಗೆಮನೆಯಿಂದ. ಅವಳ ಹಿಂದೆ ಕುಕ್ಕರು ಕೂಗಿತು. ಒಂದು, ಎರಡು, ಮೂರು. ನಾನು ಕೋಣೆಯ ಬಾಗಿಲನ್ನೇ ನೋಡುತ್ತಾ ಕೂತೆ. ತೆರೆಯಲಿಲ್ಲ. ಅನ್ನ ಮಾತ್ರ ಸ್ವಲ್ಪ ಮುದ್ದೆಯಾಗಿತ್ತು. ಎರಡು ಕೂಗಿಗೆ ಇಳಿಸೇ ಅಂತ ಜೋರಾಗಿಯೇ ಹೇಳಿದೆ.